ಯಾರ ಮೌನ ಯಾರಿಗೆ ಸಮ್ಮತಿ?

ಮನೆ ಕಟ್ಟೋಕೆ ಪರ್ಮಿಷನ್ನು ಬೇಗ ಸಿಗಬೇಕಂತೆ. ಬಿಲ್ಡರುಗಳು ಹೇಳ್ತಾರೆ, ಮಂತ್ರಿಗಳು ಹೇಳ್ತಾರೆ, ಪೇಪರಿನವರು ಬರೀತಾರೆ. ಫೈಲು ಮೇಜಿನಿಂದ ಮೇಜಿಗೆ ತೆವಳುತ್ತದೆ, ಕೈ ಬಿಸಿ ಮಾಡದೆ ಸಹಿ ಬೀಳುವುದಿಲ್ಲ ಎಂಬ ಅವರ ಗೋಳು ಸುಳ್ಳಲ್ಲ. ಸಾಲ ಮಾಡಿ ಒಂದು ಸೈಟು ಕೊಂಡ ಗುಮಾಸ್ತನೂ ಆ ಮೇಜಿನ ಮುಂದೆ ನಿಂತು ಬೇಯುತ್ತಾನೆ. ಬೇಗ ಆಗುವುದಕ್ಕೆ ನಮ್ಮ ತಕರಾರಿಲ್ಲ. ನಾವು ಕೇಳೋದು ಇಷ್ಟೇ: ಬೇಗ ಯಾರಿಗೆ ಸ್ವಾಮಿ?

ಕಾಯ್ದೆಯನ್ನೇ ನೋಡಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಒಂದು ಮಾತಿದೆ. ಕಟ್ಟಲು ಅನುಮತಿ ಕೇಳಿದವನಿಗೆ ಪ್ರಾಧಿಕಾರ ಗಡುವಿನೊಳಗೆ ಉತ್ತರ ಕೊಡದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಮೌನಂ ಸಮ್ಮತಿ ಲಕ್ಷಣಂ ಎಂಬ ಸಂಸ್ಕೃತದ ಮಾತು ಕಾಯ್ದೆಯೊಳಗೆ ಹೊಕ್ಕು ಕೂತಿದೆ. 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಮಾಸ್ಟರ್ ಪ್ಲಾನಿನೊಳಗಿನ ಹೊಲವಾದರೆ ಒಡೆಯ ಒಂದು ಅಫಿಡವಿಟ್ಟು ಬರೆದುಕೊಟ್ಟರೆ ಸಾಕು, ಏಳು ದಿನದಲ್ಲಿ ಭೂಪರಿವರ್ತನೆ. 2024ರಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ 'ನಂಬಿಕೆ ನಕ್ಷೆ' ತಂದಿತು. ಸೈಟು ಇದ್ದವನ ಪರವಾಗಿ ನೋಂದಾಯಿತ ಇಂಜಿನಿಯರೋ ಆರ್ಕಿಟೆಕ್ಟೋ ಅರ್ಜಿ ಹಾಕಿದರೆ ತಾತ್ಕಾಲಿಕ ಮಂಜೂರಾತಿ ಕಂಪ್ಯೂಟರಿನಿಂದಲೇ ಬರುತ್ತದೆ.

ಹೆಸರು ಚೆನ್ನಾಗಿದೆ. ನಂಬಿಕೆ! ಖಾತೆ ಇದ್ದವನನ್ನು ಸರ್ಕಾರ ನಂಬುತ್ತದೆ. ನಮ್ಮನ್ನು ಯಾವಾಗ ನಂಬೀತು?

ಹೊಲಗೇರಿಗೆ ಬನ್ನಿ, ತಾಂಡಾಕ್ಕೆ ಬನ್ನಿ, ಹಟ್ಟಿಗೆ ಬನ್ನಿ. ಅಜ್ಜ ಹುಟ್ಟಿದ ಗುಡಿಸಲಲ್ಲೇ ಮೊಮ್ಮಗನೂ ಹುಟ್ಟಿದ್ದಾನೆ. ಅಡಿಯ ನೆಲ ಮಾತ್ರ ಪಹಣಿಯಲ್ಲಿ ಗೌಡರದ್ದು, ಇಲ್ಲವೇ ಸರ್ಕಾರಿ ಗೋಮಾಳ. ಪಂಚಾಯ್ತಿಗೆ ಹೋದರೆ ಹಕ್ಕುಪತ್ರ ತಾ ಅಂತಾರೆ. ಹಕ್ಕುಪತ್ರಕ್ಕೆ ತಾಲ್ಲೂಕಾಫೀಸಿಗೆ ಹೋದರೆ ಸರ್ವೆ ಆಗಬೇಕು ಅಂತಾರೆ. ಸರ್ವೆಯವರು ನಾಳೆ ಬಾ ಅಂತಾರೆ. ದೆವ್ವ ಒಳಗೆ ಬರದಿರಲಿ ಅಂತ ಹಿಂದೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ಈ ಆಫೀಸುಗಳ ಪಾಲಿಗೆ ನಾವೇ ಆ ದೆವ್ವ.

ಅಂಬೇಡ್ಕರ್ ನಿವಾಸ ಯೋಜನೆ ಇದೆಯಲ್ಲ ಅಂತೀರಿ. ಇದೆ. ಬಾಬಾಸಾಹೇಬರ ಹೆಸರು ಬೋರ್ಡಿನ ಮೇಲಿದೆ. ಆದರೆ ಮನೆ ಬೇಕಾದರೆ ನಿವೇಶನ ತೋರಿಸಬೇಕು, ನಿವೇಶನಕ್ಕೆ ದಾಖಲೆ ತೋರಿಸಬೇಕು. ಇಲ್ಲದವನಿಗಾಗಿ ಮಾಡಿದ ಯೋಜನೆ ಇದ್ದವನನ್ನು ಹುಡುಕುತ್ತಾ ಕೂತಿದೆ. ನಮ್ಮ ಅರ್ಜಿಗೂ ಕಚೇರಿ ಮೌನವಾಗಿಯೇ ಇರುತ್ತದೆ. ಲೇಔಟಿನವನಿಗೆ ಆ ಮೌನ ಒಪ್ಪಿಗೆ, ನಮಗೆ ಅದೇ ಮೌನ ನಿರಾಕರಣೆ. ಇದು ಆಡಳಿತದ ನಿಧಾನವಲ್ಲ, ಜಾತಿಯ ಲೆಕ್ಕಾಚಾರ.

ಆಗುವುದಿಲ್ಲವೆಂದು ಮಾತ್ರ ಹೇಳಬೇಡಿ. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಕಾಲೊನಿಗಳ ಮನೆಗಳನ್ನು ವಾಸವಿರುವವರ ಹೆಸರಿಗೇ ಮಾಡಲು ಭೂಸುಧಾರಣಾ ಕಾಯ್ದೆಗೆ 2016ರ ತಿದ್ದುಪಡಿ ದಾರಿ ಮಾಡಿತು. 'ವಾಸಿಸುವವನೇ ನೆಲದೊಡೆಯ' ಎಂದು ಘೋಷಣೆ ಮೊಳಗಿತು. 2025ರ ಮೇ ತಿಂಗಳಲ್ಲಿ ಹೊಸಪೇಟೆಯ ಸಮಾವೇಶದಲ್ಲಿ 1,11,111 ಹಕ್ಕುಪತ್ರ ಹಂಚಿದೆವು ಎಂದು ಸರ್ಕಾರ ಹೇಳಿತು. ಪಡೆದವರ ಸಂತೋಷ ನಮ್ಮ ಸಂತೋಷವೂ ಹೌದು. ಆದರೆ ಲೇಔಟಿನವನು ತನ್ನ ಪರಿವರ್ತನೆ ಆದೇಶಕ್ಕೆ ಶಾಮಿಯಾನ ಹಾಕಿಸಿ, ಹಾರ ತಂದು, ಮಂತ್ರಿಗೆ ಕೈಮುಗಿದು ನಿಲ್ಲುತ್ತಾನೆಯೇ? ಅವನಿಗೆ ಸಿಗುವುದು ಹಕ್ಕು, ನಮಗೆ ಸಿಗುವುದು ದಯೆ!

ನಮ್ಮ ವಿಷಯದಲ್ಲೂ ಸರ್ಕಾರ ಬೇಗ ಕೆಲಸ ಮಾಡುತ್ತದೆ, ಕೆಡವುವಾಗ. 2013ರ ಜನವರಿಯಲ್ಲಿ ಬೆಂಗಳೂರಿನ ಈಜೀಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳ ಶೆಡ್ಡುಗಳನ್ನು ನೆಲಸಮ ಮಾಡಿದರು. ಬಡವರಿಗೆಂದೇ ಕ್ವಾರ್ಟರ್ಸ್ ಕಟ್ಟಿದ್ದ ಆ ನೆಲದಲ್ಲಿ ಖಾಸಗಿ ಕಂಪನಿಯ ಮಾಲ್‌ಗೂ ಪಾಲು ಬರೆದಾಗಿತ್ತು. 2016ರ ಡಿಸೆಂಬರಿನ ಚಳಿಯಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತರು. ಅಲ್ಲಿ ಫೈಲು ತೆವಳಲಿಲ್ಲ, ಓಡಿತು.

ಇನ್ನೊಂದು ಮಾತು. ನಗರದ ಅಂಚಿನಲ್ಲಿ ನಮ್ಮವರಿಗೆ ಮಂಜೂರಾದ ತುಂಡು ಭೂಮಿಗಳಿವೆ. ಅವನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಬಾರದೆಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಕೊಂಡವನೇ ಅಫಿಡವಿಟ್ಟು ಬರೆದು, ಏಳೇ ದಿನದಲ್ಲಿ ಆದೇಶ ಹೊರಬೀಳುವುದಾದರೆ, ಅದು ಮಂಜೂರಾತಿ ಜಮೀನೋ ಅಲ್ಲವೋ ಅಂತ ಹಳೇ ಕಡತ ತೆಗೆದು ನೋಡೋರು ಯಾರು? ಕಲ್ಲು ನೆಟ್ಟು ಸೈಟು ಮಾರಿದ ಮೇಲೆ ನಾವು ಎ.ಸಿ. ಕೋರ್ಟಿನ ಮೆಟ್ಟಿಲು ಸವೆಸಬೇಕು. ಅವರ ಏಳು ದಿನ ನಮ್ಮ ಮಕ್ಕಳ ಆಯಸ್ಸನ್ನು ತಿನ್ನುತ್ತದೆ.

ಹಾಗಾಗಿ ನಾವು ಹೊಸದೇನನ್ನೂ ಕೇಳುತ್ತಿಲ್ಲ. ಲೇಔಟಿನವನಿಗೆ ಕೊಟ್ಟ ಗಡಿಯಾರವನ್ನೇ ನಮ್ಮ ಕೇರಿಗೂ ತಂದು ನೇತುಹಾಕಿ. ಹಕ್ಕುಪತ್ರದ ಅರ್ಜಿಗೂ ದಿನ ಗೊತ್ತುಮಾಡಿ. ಆ ದಿನದೊಳಗೆ ಉತ್ತರ ಬಾರದಿದ್ದರೆ ನೆಲ ನಮ್ಮದಾಯಿತೆಂದು ಕಾಯ್ದೆಯಲ್ಲೇ ಬರೆಯಿರಿ. ಅವನ ಅಫಿಡವಿಟ್ಟನ್ನು ನಂಬುವವರು ನಮ್ಮ ಕೇರಿಯ ಹತ್ತು ಜನ ಹಿರಿಯರ ಸಾಕ್ಷಿಯನ್ನೂ ನಂಬಿ. ಮಂಜೂರಾತಿ ಜಮೀನಿನ ತನಿಖೆ ಮುಗಿಯುವವರೆಗೆ ಯಾವ ಬಡಾವಣೆಗೂ ಸಹಿ ಹಾಕಬೇಡಿ. ಬದಲಿ ಮನೆಯ ಬೀಗದ ಕೈ ಕೊಡುವವರೆಗೆ ಜೆಸಿಬಿ ಕೇರಿಯೊಳಗೆ ಬರಕೂಡದು.

ಬಂಧುಗಳೇ, ಮುಂದಿನ ಗ್ರಾಮಸಭೆಗೆ ಒಬ್ಬೊಬ್ಬರೇ ಅರ್ಜಿ ಹಿಡಿದು ಹೋಗೋದು ಬೇಡ. ಇಡೀ ಕೇರಿ ಹೋಗೋಣ. ಅರ್ಜಿಗೆ ಸ್ವೀಕೃತಿ ಪಡೆಯೋಣ, ಮುದ್ರೆ ಹಾಕಿಸೋಣ, ಅವತ್ತಿಂದ ದಿನ ಎಣಿಸೋಣ. ಮೌನವಾಗಿ ಕಾಯೋದು ಸಾಕು. ನಮ್ಮ ಮೌನವನ್ನೂ ಅವರು ಸಮ್ಮತಿ ಅಂತಲೇ ಬರೆದುಕೊಂಡಿದ್ದಾರೆ.