ಒತ್ತಡಕ್ಕೆ ಉಪದೇಶವೇ ಮದ್ದೆ?

ನೌಕರನೊಬ್ಬನು ಬಳಲಿ ಕುಳಿತರೆ ಅವನಿಗೆ ಬುದ್ಧಿ ಹೇಳುವವರಿಗೆ ನಮ್ಮ ನಾಡಿನಲ್ಲಿ ಎಂದೂ ಬರಗಾಲವಿಲ್ಲ. ಮನಸ್ಸನ್ನು ಗಟ್ಟಿಮಾಡಿಕೋ ಎನ್ನುವವರೊಬ್ಬರು. ಪ್ರಾತಃಕಾಲದಲ್ಲೆದ್ದು ಧ್ಯಾನ ಮಾಡು ಎನ್ನುವವರು ಇನ್ನೊಬ್ಬರು. ದುಡಿಮೆಯನ್ನು ಕಾಯಕವೆಂದು ಭಾವಿಸು, ಆಯಾಸವೇ ತೋರದು ಎನ್ನುವವರು ಮತ್ತೊಬ್ಬರು. ಮಾತುಗಳೇನೋ ಹಿತವಾಗಿವೆ. ಆದರೆ ಹೊರೆ ಹೊತ್ತವನ ಬೆನ್ನು ತಟ್ಟುವುದು ಬೇರೆ, ಹೊರೆ ಇಳಿಸುವುದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದೆವೆಂದು ನಂಬಿಸುವುದು ವಂಚನೆಯೇ ಸರಿ.

ಬೆಂಗಳೂರಿನ ಗಾಜಿನ ಕಟ್ಟಡಗಳತ್ತ ನೋಡುವ ಮುನ್ನ ಕೋಣಂದೂರು ಸೀಮೆಯ ಹಳ್ಳಿಗಳನ್ನೇ ನೋಡಿರಿ. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆ, ತೋಟ, ಕಾಡು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಮೊಬೈಲಿನ ಸಂಪರ್ಕವೂ ಹೋಗುತ್ತದೆ. ಇಂಥ ಮಲೆನಾಡಿನಲ್ಲಿ ಗ್ರಾಮ ಆಡಳಿತ ಅಧಿಕಾರಿಯು ಲ್ಯಾಂಡ್ ಬೀಟ್, ಬಗರ್ ಹುಕುಂ, ಆಧಾರ್ ಜೋಡಣೆ ಎಂದು ಹತ್ತಾರು ಆಪ್‌ಗಳನ್ನು ಕೈಯಲ್ಲಿ ಹಿಡಿದು ಅಲೆಯಬೇಕು. ಗುರಿ ನಿಗದಿ ಮಾಡಿದವರಿಗೆ ಗುಡ್ಡವೂ ಕಾಣದು, ಹಳ್ಳವೂ ಕಾಣದು. ಅಂಕಿ ಮಾತ್ರ ಕಾಣುತ್ತದೆ. ಈ ನೌಕರರು 2024ರ ಸೆಪ್ಟೆಂಬರಿನಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ರಾಜ್ಯಾದ್ಯಂತ ಮುಷ್ಕರ ಹೂಡಿದರು. ಅವರು ಕೇಳಿದ್ದು ವೈಭೋಗವನ್ನಲ್ಲ. ಕುಳಿತುಕೊಳ್ಳಲು ಮೇಜು ಕುರ್ಚಿ, ಕೆಲಸಕ್ಕೆ ತಕ್ಕ ಸಲಕರಣೆ, ಆಪ್‌ಗಳ ಹೊರೆಯಿಂದ ಬಿಡುಗಡೆ. ಕುರ್ಚಿಯನ್ನೇ ಕೊಡದೆ ಧ್ಯಾನಾಸನವನ್ನು ಬೋಧಿಸಿದರೆ ಪ್ರಯೋಜನವೇನು?

ಒತ್ತಡವೆಂಬುದು ದುರ್ಬಲ ಮನಸ್ಸಿನ ಸೃಷ್ಟಿಯೆಂದು ತಿಳಿದವರಿಗೆ ಶಾಸ್ತ್ರವೇ ಉತ್ತರ ಕೊಟ್ಟಿದೆ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸರು ಒಂದು ಸರಳ ತತ್ತ್ವವನ್ನು ಮುಂದಿಟ್ಟರು: ಕೆಲಸ ಹೆಚ್ಚಾಗಿದ್ದು, ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ತೀರ್ಮಾನ ಮಾತ್ರ ಕೈಯಲ್ಲಿಲ್ಲದಿದ್ದರೆ, ಆ ದುಡಿಮೆಯೇ ಮನುಷ್ಯನನ್ನು ಹೆಚ್ಚು ಹಿಂಡುತ್ತದೆ. ಇಂಗ್ಲೆಂಡಿನ ಸರ್ಕಾರಿ ನೌಕರರನ್ನು ಕುರಿತು 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನಗಳು ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿಯೇ ಹೃದ್ರೋಗದ ಸಾವು ಅಧಿಕವೆಂದು ತೋರಿಸಿದವು. ಚಿಂತೆಯ ಭಾರವೆಲ್ಲ ದೊಡ್ಡವರ ತಲೆಯ ಮೇಲಿದೆಯೆಂಬ ಹಳೆಯ ನಂಬಿಕೆ ಅಲ್ಲಿಗೆ ಮುರಿದುಬಿತ್ತು.

ಆದರೂ ದೊಡ್ಡವರ ಉಪದೇಶ ನಿಂತಿಲ್ಲ. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರ ಬಾಯಿಂದ 90 ಗಂಟೆಯ ಮಾತು ಬಂದಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮೀರಿದ ದುಡಿಮೆಯಿಂದ 2016ರ ಒಂದೇ ವರ್ಷದಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ ಬಲಿಯಾದವರು ಸುಮಾರು 7,45,000 ಮಂದಿ. ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು 70ನ್ನೂ 90ನ್ನೂ ತೂಗಿ ನೋಡಿರಿ.

ಹಿಂದಿನವರು ದುಡಿಯಲಿಲ್ಲವೆ ಎಂದು ಕೆಲವರು ಕೇಳಬಹುದು. ದುಡಿದರು, ಮೂಳೆ ಸವೆಯುವಂತೆ ದುಡಿದರು. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದ ಮನೆಗಳು ಈ ಸೀಮೆಯಲ್ಲಿ ಎಷ್ಟಿಲ್ಲ! ಆದರೆ ಆ ಸುಲಿತಕ್ಕೆ ಒಂದು ಋತುವಿತ್ತು, ಸುತ್ತ ಕುಳಿತ ಜನರಿದ್ದರು, ಮಾತಿತ್ತು, ನಗೆಯಿತ್ತು; ಕೊಯ್ಲು ಮುಗಿದರೆ ಕೆಲಸವೂ ಮುಗಿಯುತ್ತಿತ್ತು. ಇಂದಿನ ನೌಕರನಿಗೆ ಮುಗಿಯಿತೆಂಬ ಮಾತೇ ಇಲ್ಲ. ಊಟದ ತಟ್ಟೆಯ ಪಕ್ಕದಲ್ಲಿಯೇ ವಾಟ್ಸಾಪ್ ಗುಂಪಿನ ಆದೇಶ ಬಂದು ಬೀಳುತ್ತದೆ.

ಇನ್ನು ಕಾಯಕದ ಮಾತು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸುವಂತೆ ಹೇಳಿದ ಪ್ರಸಂಗ ಈ ಪುಟಗಳ ಓದುಗರಿಗೆ ಹೊಸದಲ್ಲ. ಕಾಯಕಕ್ಕೆ ಮಿತಿಯಿದೆ, ಆಸೆಗೆ ಅಲ್ಲಿ ಎಡೆಯಿಲ್ಲ ಎಂಬುದೇ ಅದರ ಸಾರ. ಅಂಥ ಪದವನ್ನು ತೆಗೆದುಕೊಂಡು ಲಾಭದಾಸೆಗೂ ಅಂಕಿಯ ಹುಚ್ಚಿಗೂ ಹೊದಿಕೆ ಮಾಡುವುದು ಕಾಯಕಕ್ಕೆ ಮಾಡುವ ಅಪಚಾರ. ಮನವೊಪ್ಪಿ ಮಾಡಿದ್ದು ಕಾಯಕ. ಅಂಜಿಸಿ ಮಾಡಿಸಿಕೊಂಡದ್ದು ಜೀತ.

ಹಾಗಾದರೆ ಧ್ಯಾನ, ಪ್ರಾರ್ಥನೆಗಳು ವ್ಯರ್ಥವೆ? ಖಂಡಿತ ಅಲ್ಲ. 1984ರಲ್ಲಿ ಲಾಜರಸ್ ಮತ್ತು ಫೋಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಒತ್ತಡವನ್ನು ಎದುರಿಸುವ ದಾರಿ ಎರಡು ಬಗೆಯೆಂದು ವಿವರಿಸಿದರು: ಕಷ್ಟದ ಮೂಲವನ್ನೇ ಬದಲಿಸುವುದು ಒಂದು, ಕಷ್ಟ ಹುಟ್ಟಿಸಿದ ಭಾವನೆಯನ್ನು ಶಮನಗೊಳಿಸುವುದು ಇನ್ನೊಂದು. ತೀರಿಹೋದ ಆಪ್ತರ ದುಃಖಕ್ಕೆ ಎರಡನೆಯದೇ ಗತಿ. ತುಂಬದೆ ಬಿಟ್ಟ ಹುದ್ದೆಗಳಿಗೆ, ಕೊಡದ ರಜೆಗೆ ಮೊದಲನೆಯದೇ ಮದ್ದು. ಗುಟ್ಕಾ, ಮದ್ಯ, ಮನೆಯವರ ಮೇಲಿನ ಸಿಡುಕು ಇವು ಎರಡೂ ಅಲ್ಲ. ಕಚೇರಿಯ ಬೆಂಕಿಯನ್ನು ಮನೆಗೆ ಒಯ್ಯುವ ದಾರಿಗಳು.

ಆದುದರಿಂದ ನೌಕರ ಬಂಧುಗಳೇ, ನಿಮ್ಮ ಬಳಲಿಕೆಗೆ ನಾಚದಿರಿ. ಅದನ್ನು ಸಹೋದ್ಯೋಗಿಗಳೊಡನೆ ಹೇಳಿಕೊಳ್ಳಿರಿ. ಒಬ್ಬನ ಗೋಳೆನಿಸಿದ್ದು ಹತ್ತು ಜನರದೆಂದು ತಿಳಿದಾಗ ಅದು ಬೇಡಿಕೆಯಾಗುತ್ತದೆ. ಮನಸ್ಸು ತೀರ ಕುಸಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಲು ಹಿಂಜರಿಯದಿರಿ. ಅಧಿಕಾರಸ್ಥರೇ, ಉಪನ್ಯಾಸ ಏರ್ಪಡಿಸುವ ಮುನ್ನ ಖಾಲಿ ಹುದ್ದೆ ತುಂಬಿರಿ, ಗುರಿಯನ್ನು ನಿಗದಿಮಾಡುವ ಮುನ್ನ ಅದನ್ನು ಮುಟ್ಟಬೇಕಾದವನನ್ನು ಕೇಳಿರಿ. ಇನ್ನು ಸಾರ್ವಜನಿಕರಾದ ನಾವು, ಸರ್ವರ್ ನಿಂತುಹೋದ ದಿನ ಕಿಟಕಿಯ ಆಚೆ ಕುಳಿತವನ ಮೇಲೆ ಗದರದೆ ಇರುವಷ್ಟಾದರೂ ಸೌಜನ್ಯ ಕಲಿಯೋಣ. ಅವನೂ ನಮ್ಮಂತೆ ಯಾರದೋ ಮನೆಯ ಮಗ.