ಲಾರಿ ಟಯರಿನ ಗಾಳಿ, ಹುಡುಗನ ಜೀವ

ಹೋಟೆಲಿನ ಅಡಿಗೆಮನೆಯಲ್ಲಿ ದುಡಿದವರಿಗೆಲ್ಲ ಪ್ರೆಶರ್ ಕುಕ್ಕರಿನ ಭಯ ಗೊತ್ತು. ಅದರೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡು. ಅಷ್ಟಕ್ಕೇ ಸೀಟಿ ಬೇಕು, ಸೇಫ್ಟಿ ವಾಲ್ವು ಬೇಕು. ಲಾರಿ ಟಯರಿಗೆ ತುಂಬುವ ಗಾಳಿಯಾದರೋ 100 ಪೌಂಡಿಗೂ ಮೇಲೆ. ಅದು ಸೀಟಿ ಹಾಕಿ ಯಾರನ್ನೂ ಎಚ್ಚರಿಸುವುದಿಲ್ಲ. ವಡಾಳದಲ್ಲಿ, ಕಳಂಬೋಲಿಯಲ್ಲಿ, ಭಿವಂಡಿಯ ಗೋದಾಮುಗಳ ಹಾದಿಯಲ್ಲಿ ಅದರ ಎದುರು ಮೊಣಕಾಲೂರಿ ಕುಳಿತಿರುವವನು ಊರು ಬಿಟ್ಟು ಬಂದ ಯಾವುದೋ ತಾಯಿಯ ಮಗ.

ಟ್ಯೂಬು ಹಾಕುವ ಲಾರಿ ಚಕ್ರ ಬಹುಮಟ್ಟಿಗೆ ಒಂದೇ ತುಂಡಲ್ಲ. ರಿಮ್ಮಿನ ಪಕ್ಕಕ್ಕೆ ಕಬ್ಬಿಣದ ರಿಂಗು ಕೂರಿಸಿ ಟಯರನ್ನು ಹಿಡಿದಿಡುತ್ತಾರೆ. ಆ ರಿಂಗು ತುಕ್ಕು ತಿಂದಿದ್ದರೆ, ಸೊಟ್ಟಗಾಗಿದ್ದರೆ, ಬೇರೆ ರಿಮ್ಮಿನದಾಗಿದ್ದರೆ, ಗಾಳಿ ಏರುತ್ತಿದ್ದಂತೆ ಕಳಚಿ ಹಾರುತ್ತದೆ. ಚಕ್ರದ ಪಕ್ಕದ ಮೇಲೆ ಆಗ ಒಟ್ಟು ಹತ್ತಾರು ಟನ್ನಿನ ಒತ್ತಡ. ಅಡ್ಡ ಬಂದದ್ದು ತಲೆಯೋ ತೋಳೋ ಎಂದು ಅದು ನೋಡೀತೇ? ಗಾಳಿ ತುಂಬಿರುವಾಗಲೇ ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ರೂಢಿಯಂತೂ ಸಾವನ್ನು ಕೂಗಿ ಕರೆದಂತೆ. ಟ್ಯೂಬ್‌ಲೆಸ್ ಟಯರಿಗೆ ಈ ರಿಂಗಿಲ್ಲ, ನಿಜ. ಆದರೆ ಗಾಳಿಯಿಲ್ಲದೆ ಓಡಿಸಿದ ಟಯರಿನ ಪಕ್ಕದ ತಂತಿಗಳು ಒಳಗೊಳಗೇ ಮುರಿದಿದ್ದು, ಮತ್ತೆ ಗಾಳಿ ತುಂಬುವಾಗ ಸಿಡಿಯಬಹುದು.

ಅನಾಹುತವಾದ ಮರುದಿನ ಕೇಳುವ ಮಾತು ಒಂದೇ: "ಹುಡುಗ ಹುಷಾರಾಗಿರಲಿಲ್ಲ." ಈ ಮಾತನ್ನು ನಾನು ಒಪ್ಪಲಾರೆ. ಹುಷಾರಿನಿಂದ ಕಬ್ಬಿಣ ನಿಲ್ಲುತ್ತದೆಯೇ? ಅಮೆರಿಕದಲ್ಲಿ 1980ರಲ್ಲೇ ನಿಯಮ ಮಾಡಿದರು: ಇಂಥ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಬೇಕು, ತಾನೇ ಕಚ್ಚಿಕೊಳ್ಳುವ ಕ್ಲಿಪ್ಪೂ ಉದ್ದನೆಯ ನಳಿಕೆಯೂ ಇರಬೇಕು, ಕೆಲಸಗಾರ ಹಾರುವ ದಾರಿಯಿಂದ ದೂರ ನಿಲ್ಲಬೇಕು. ಅದನ್ನೆಲ್ಲ ಕೊಡಬೇಕಾದವನು ಮಾಲಿಕ.

ನಮ್ಮಲ್ಲಿ? 1948ರ ಕಾರ್ಖಾನೆ ಕಾಯಿದೆಗೆ, ವಿದ್ಯುತ್ತು ಬಳಸುವ ಕಡೆಯಲ್ಲೂ ಹತ್ತು ಮಂದಿ ಬೇಕಿತ್ತು. 2020ರ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ಇಬ್ಬರು ಹುಡುಗರ ಪಂಕ್ಚರ್ ಅಂಗಡಿ ಯಾವ ಲೆಕ್ಕಕ್ಕೆ ಬಂತು! ಕೈ ಹೋದವನು ಊರಿಗೆ ಹೋಗುತ್ತಾನೆ, ಅವನ ಜಾಗಕ್ಕೆ ಅವನ ತಮ್ಮ ಬರುತ್ತಾನೆ.

ಅಂಗಡಿಯವನೂ ಬಡವನೇ, ಅವನೊಬ್ಬನ ಮೇಲೆ ಹರಿಹಾಯ್ದು ಫಲವಿಲ್ಲ. ಲಾರಿ ನಿಲ್ದಾಣಗಳನ್ನು ನಡೆಸುವವರು, ಸಾಗಣೆ ಕಂಪೆನಿಗಳವರು ಗಟ್ಟಿ ಪಂಜರಗಳನ್ನು ತಮ್ಮ ಖರ್ಚಿನಲ್ಲಿ ಇಡಿಸಲಿ. ನಮ್ಮ ಸಂಘ ಅವರಿಗೆ ಲಿಖಿತ ಮನವಿ ಕೊಡಬೇಕು. ನಮ್ಮವರಲ್ಲೇ ಲಾರಿ ಇಟ್ಟವರಿದ್ದಾರೆ, ಡ್ರೈವರರಿದ್ದಾರೆ. ಪಂಜರವಿಲ್ಲದ ಕಡೆ ಟಯರು ಬಿಚ್ಚಿಸಿ ಗಾಳಿ ಹಾಕಿಸೆವು ಎಂದು ಅವರು ಹೇಳಲಿ. ಜೋಡಿ ಚಕ್ರದ ನಟ್ಟು ಸಡಿಲಿಸುವ ಮೊದಲು ಎರಡೂ ಟಯರುಗಳ ವಾಲ್ವಿನ ಪಿನ್ನು ತೆಗೆಸಿ, ಗಾಳಿ ಪೂರ್ತಿ ಹೋಗುವ ತನಕ ಕಾಯಲಿ. ಲಾರಿ ಹತ್ತು ನಿಮಿಷ ತಡವಾಗಿ ಹೊರಡಲಿ.