ಮನೆ ಅತ್ತೆಯ ಹೆಸರಿನಲ್ಲಿದ್ದರೆ?

“ಇವರು ಬೇರೆಯಾಗೋಣ ಅಂತಾರೆ. ಮನೆ ಅತ್ತೆ ಹೆಸರಲ್ಲಿದೆ, ನಿನಗೇನು ಹಕ್ಕು, ತವರಿಗೆ ನಡಿ ಅಂತಾರೆ” ಎಂದು ಓದುಗ ಸೋದರಿಯೊಬ್ಬರು ಬರೆದಿದ್ದಾರೆ. ಸೋದರಿ, ಬಟ್ಟೆಬರೆ ಕಟ್ಟುವ ಮೊದಲು ಇಷ್ಟು ತಿಳಿದುಕೊಳ್ಳಿ.

2005ರ ಕೌಟುಂಬಿಕ ಹಿಂಸೆ ತಡೆಯುವ ಕಾಯಿದೆಯ ಪ್ರಕಾರ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಪತ್ರ ಯಾರ ಹೆಸರಿನಲ್ಲೇ ಇರಲಿ. ಅತ್ತೆಮಾವನ ಸ್ವಂತ ಮನೆಗೆ ಇದು ಅನ್ವಯಿಸದು ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2020ರಲ್ಲಿ ಅದೇ ಕೋರ್ಟು ಆ ಮಾತು ಸರಿಯಲ್ಲ ಎಂದಿತು. ಹೊಡೆತ ಬಿದ್ದಿರಲೇಬೇಕೆಂದಿಲ್ಲ, ಮನೆಯೊಳಗೆ ಸೇರಿಸದೆ ಬೀಗ ಹಾಕುವುದೂ ಹಿಂಸೆಯೇ.

ಆದರೆ ಇದು ವಾಸದ ಹಕ್ಕು, ಆಸ್ತಿಯಲ್ಲಿ ಪಾಲಲ್ಲ. ವಯಸ್ಸಾದವರೂ ನೆಮ್ಮದಿಯಾಗಿರಬೇಕಲ್ಲ! ಅದಕ್ಕೇ ಕೆಲವೊಮ್ಮೆ ಕೋರ್ಟು ಗಂಡನಿಗೆ, ಅಂಥದ್ದೇ ಬೇರೆ ಮನೆ ಮಾಡಿಕೊಡು, ಇಲ್ಲ ಬಾಡಿಗೆ ಕಟ್ಟು ಎನ್ನುತ್ತದೆ. ನನಗಂತೂ ಅದೇ ಮೇಲೆನಿಸುತ್ತದೆ. ಒಂದೇ ಅಡುಗೆಮನೆಯಲ್ಲಿ ಮುಖ ತಿರುಗಿಸಿಕೊಂಡು ಎಷ್ಟು ದಿನ ಇರೋಕಾಗುತ್ತೆ?

ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಅರ್ಜಿಗೆ ನೆರವಾಗುತ್ತಾರೆ; ಅಂಗನವಾಡಿ ಟೀಚರನ್ನು ಕೇಳಿದರೆ ಆಫೀಸು ತೋರಿಸುತ್ತಾರೆ. ರೇಷನ್ ಕಾರ್ಡು, ಆಧಾರ್, ಆ ಮನೆಯ ವಿಳಾಸವಿರುವ ಯಾವ ಕಾಗದವನ್ನೂ ಕೈಬಿಡಬೇಡಿ. ವಿಚ್ಛೇದನದ ಕಾಗದಕ್ಕೆ ಸಹಿ ಹಾಕೋ ಮುಂಚೆ, ಇರೋದೆಲ್ಲಿ ಅನ್ನೋದನ್ನ ವಕೀಲರ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ. ದುಡ್ಡಿಲ್ಲವೆಂದು ಹಿಂಜರಿಯಬೇಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ.